ಬತ್ತಳಿಕೆ ಮತ್ತು ಬಾಣಗಳು: ಆಧುನಿಕ ಬೀಜಗಣಿತದ ಒಂದು ಪ್ರಮೇಯ

ಗಣಿತದಲ್ಲಿ ಒಂದು ವಿಷಯವನ್ನು ಅರಿತೆವು ಎಂದು ಹೇಳುವುದಕ್ಕೆ ಹಲವು ಅರ್ಥಗಳುಂಟು. ಅವುಗಳಲ್ಲಿ ಅತ್ಯಂತ ಹಳೆಯದೂ ತೃಪ್ತಿಕರವೂ ಆದುದೆಂದರೆ, ಆ ವಿಷಯಕ್ಕೆ ಸೇರಿದ ವಸ್ತುಗಳನ್ನು ಇನ್ನು ಒಡೆಯಲಾಗದ ಘಟಕಗಳಾಗಿ ಒಡೆದು, ಆ ಘಟಕಗಳ ಪೂರ್ಣ ಪಟ್ಟಿಯನ್ನು ಮುಂದಿಡುವುದು. 60 ಎಂಬ ಸಂಖ್ಯೆಯನ್ನು 2, 2, 3, 5 ಎಂದು ಬಿಡಿಸಿದ ವಿದ್ಯಾರ್ಥಿಯು ಮಾಡುವುದು ಇದನ್ನೇ. ರಸಾಯನಶಾಸ್ತ್ರಜ್ಞನು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಬಿಡಿಸುವುದೂ ಇದೇ ಬಗೆಯದು. ಆದರೆ ಈ ಎರಡು ನಿದರ್ಶನಗಳಲ್ಲಿ ಒಂದು ಭೇದವಿದೆ. ಮೂಲವಸ್ತುಗಳ ಪಟ್ಟಿಯನ್ನು ಶಾಲೆಯ ಗೋಡೆಯ ಮೇಲೆ ತೂಗುಹಾಕಬಹುದು. ಅವಿಭಾಜ್ಯ ಸಂಖ್ಯೆಗಳ ಪಟ್ಟಿಯಾದರೋ ಎಂದಿಗೂ ಮುಗಿಯದು ಎಂಬುದನ್ನು ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟನು. ಹೀಗಿರಲು, ಯಾವ ಪಟ್ಟಿ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂಬುದನ್ನು ಪಟ್ಟಿಯನ್ನು ಬರೆಯಲು ತೊಡಗುವ ಮೊದಲೇ ತಿಳಿಯಬಹುದೆ? ಬೀಜಗಣಿತದ ಒಂದು ವಿಸ್ತಾರವಾದ ಪ್ರದೇಶದಲ್ಲಿ ತಿಳಿಯಬಹುದು ಎಂಬುದನ್ನು 1972ರಲ್ಲಿ ಪೀಟರ್ ಗಾಬ್ರಿಯೆಲ್ಲರು ಸಿದ್ಧಪಡಿಸಿದರು. ಆ ಪ್ರಮೇಯದ ಪರಿಚಯವೇ ಈ ಲೇಖನದ ಉದ್ದೇಶ. ಪದವಿಪೂರ್ವ ತರಗತಿಯ ಮಾತೃಕೆಗಳ ಪಾಠವನ್ನು ಮುಗಿಸಿದವರು ಕಾಗದ, ಲೇಖನಿಗಳನ್ನು ಹಿಡಿದು ಕುಳಿತರೆ ಇದನ್ನು ಅನುಸರಿಸುವುದು ಕಷ್ಟವಾಗದು.

ಮೊದಲು ಪರಿಭಾಷೆ. ಎರಡು ಸಂಖ್ಯೆಗಳ ಜೋಡಿಗಳೆಲ್ಲ ಸೇರಿ ಒಂದು ಸಮತಲವಾಗುತ್ತವೆ. ಮೂರರ ತ್ರಿವಳಿಗಳೆಲ್ಲ ಸೇರಿ ನಾವು ವಾಸಿಸುವಂತಹ ಆಕಾಶವಾಗುತ್ತವೆ. ಇದನ್ನೇ ನಾಲ್ಕು, ಐದು, ನೂರು ಸಂಖ್ಯೆಗಳಿಗೆ ವಿಸ್ತರಿಸಿದಾಗ ದೊರೆಯುವುದು ಸದಿಶಾವಕಾಶ. ಎಷ್ಟು ಸಂಖ್ಯೆಗಳು ಬೇಕೋ ಅದು ಅದರ ಆಯಾಮ. ಒಂದು ಸದಿಶಾವಕಾಶದಿಂದ ಇನ್ನೊಂದಕ್ಕೆ, ಕೂಡುವುದನ್ನೂ ಗುಣಿಸುವುದನ್ನೂ ಕೆಡಿಸದಂತೆ ಒಯ್ಯುವ ನಿಯಮವು ರೇಖೀಯ ಪರಿವರ್ತನೆ. ಅದನ್ನು ಬರೆದಿಡುವ ಕೋಷ್ಟಕವೇ ಮಾತೃಕೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಒಂದೇ ಹೊಲವನ್ನು ಇಬ್ಬರು ಮೋಜಣಿದಾರರು ಬೇರೆಬೇರೆ ಮೂಲೆಗಳಿಂದ, ಬೇರೆಬೇರೆ ಸರಪಳಿಗಳಿಂದ ಅಳೆದರೆ ಅವರ ಪುಸ್ತಕಗಳಲ್ಲಿನ ಅಂಕಿಗಳು ಬೇರೆಯಾಗಿರುತ್ತವೆ. ಹೊಲ ಮಾತ್ರ ಒಂದೇ. ಹಾಗೆಯೇ ಸದಿಶಾವಕಾಶದಲ್ಲಿ ಅಕ್ಷಗಳನ್ನೂ ಮಾನಗಳನ್ನೂ ಆರಿಸಿಕೊಳ್ಳುವುದು ನಮ್ಮ ಇಚ್ಛೆಗೆ ಸೇರಿದ್ದು. ಆ ಆಯ್ಕೆಯನ್ನು ಬದಲಿಸಿದಾಗ ಮಾತೃಕೆಯ ಅಂಕಿಗಳು ಬದಲಾಗುತ್ತವೆ. ಬದಲಾಗದೆ ಉಳಿಯುವುದೇನೋ ಅದಷ್ಟೇ ವಸ್ತುವಿನ ನಿಜವಾದ ಗುಣ. ಮುಂದೆ ಬರುವುದೆಲ್ಲವೂ ಈ ಒಂದು ವಿವೇಚನೆಯ ಮೇಲೆ ನಿಂತಿದೆ.

ಈಗ ಕಾಗದದ ಮೇಲೆ ಕೆಲವು ಬಿಂದುಗಳನ್ನಿಟ್ಟು ಅವುಗಳ ನಡುವೆ ಕೆಲವು ಬಾಣಗಳನ್ನು ಎಳೆಯಿರಿ. ಈ ಚಿತ್ರಕ್ಕೆ ಗಾಬ್ರಿಯೆಲ್ಲರು ತಮ್ಮ ಜರ್ಮನ್ ಲೇಖನದಲ್ಲಿ ಬತ್ತಳಿಕೆ ಎಂಬರ್ಥದ ಹೆಸರನ್ನಿಟ್ಟರು. ಬಾಣಗಳನ್ನು ಹೊಂದಿರುವುದು ಬತ್ತಳಿಕೆಯಲ್ಲದೆ ಮತ್ತೇನು? ಗಣಿತದ ಹೆಸರುಗಳು ಹೀಗೆ ಸರಳವಾಗಿರುವುದು ಅಪರೂಪ. ನಮ್ಮ ಭಾಷೆಗೂ ಈ ಹೆಸರು ಅನಾಯಾಸವಾಗಿ ಒದಗಿಬಂದಿದೆ. ಪ್ರತಿಯೊಂದು ಬಿಂದುವಿನಲ್ಲಿ ಒಂದು ಸದಿಶಾವಕಾಶವನ್ನೂ ಪ್ರತಿಯೊಂದು ಬಾಣದ ಮೇಲೆ ಒಂದು ರೇಖೀಯ ಪರಿವರ್ತನೆಯನ್ನೂ ಇಟ್ಟರೆ ಅದು ಆ ಬತ್ತಳಿಕೆಯ ಒಂದು ಪ್ರತಿನಿಧಾನ. ಎರಡು ಪ್ರತಿನಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಕೂಡಿಸಬಹುದು. ಹೀಗೆ ಕೂಡಿಸಿ ಪಡೆಯಲಾಗದ, ಶೂನ್ಯವಲ್ಲದ ಪ್ರತಿನಿಧಾನವು ಅವಿಭಾಜ್ಯವೆನಿಸುತ್ತದೆ. ಪ್ರಶ್ನೆ ಇದು: ಕೊಟ್ಟ ಬತ್ತಳಿಕೆಗೆ ಎಷ್ಟು ಅವಿಭಾಜ್ಯ ಪ್ರತಿನಿಧಾನಗಳಿವೆ?

ಅತ್ಯಂತ ಸರಳವಾದುದನ್ನು ನೋಡೋಣ. ಎರಡು ಬಿಂದುಗಳು, ನಡುವೆ ಒಂದೇ ಬಾಣ. ಮೊದಲನೆಯದರಲ್ಲಿ ಮೂರು ಆಯಾಮ, ಎರಡನೆಯದರಲ್ಲಿ ಎರಡು ಆಯಾಮ ಇರಲಿ. (ಕ, ಖ, ಗ) ಎಂಬುದನ್ನು ಬಾಣವು (ಕ + ಖ + ಗ, 2ಕ + 2ಖ + 2ಗ) ಎಂಬಲ್ಲಿಗೆ ಒಯ್ಯಲಿ. ನೋಡುವುದಕ್ಕೆ ತುಸು ತೊಡಕಾಗಿದೆ. ಆದರೆ ಗಮನಿಸಿ: ಮೊತ್ತ ಸೊನ್ನೆಯಾಗುವ ತ್ರಿವಳಿಗಳೆಲ್ಲವೂ ನಾಶವಾಗುತ್ತವೆ, ಅವು ಎರಡು ಆಯಾಮಗಳಷ್ಟಿವೆ. ಉಳಿದ ಒಂದು ಆಯಾಮವು ಆಚೆಯ ಸಮತಲದಲ್ಲಿ (1, 2) ಎಂಬ ದಿಕ್ಕಿಗೆ ಹೋಗಿ ಕೂರುತ್ತದೆ. ಆ ಸಮತಲದ ಇನ್ನೊಂದು ದಿಕ್ಕಿಗೆ ಯಾರೂ ಬರುವುದಿಲ್ಲ. ಅಕ್ಷಗಳನ್ನು ಇದಕ್ಕೆ ತಕ್ಕಂತೆ ಆರಿಸಿಕೊಂಡರೆ ಇಡೀ ಪ್ರತಿನಿಧಾನವು ನಾಲ್ಕು ತುಂಡುಗಳಾಗಿ ಒಡೆಯುತ್ತದೆ: ಹೊರಟು ನಾಶವಾಗುವುವು ಎರಡು, ಹೊರಟು ತಲುಪುವುದು ಒಂದು, ಯಾರ ಬರವೂ ಇಲ್ಲದೆ ಕಾದು ನಿಂತದ್ದು ಒಂದು. ಯಾವ ಮಾತೃಕೆಯನ್ನು ತೆಗೆದುಕೊಂಡರೂ ಈ ಮೂರು ಬಗೆಯ ತುಂಡುಗಳಲ್ಲದೆ ನಾಲ್ಕನೆಯದು ಸಿಗುವುದಿಲ್ಲ. ಪಟ್ಟಿ ಮೂರಕ್ಕೇ ಮುಗಿಯಿತು.

ಈಗ ಒಂದೇ ಬಿಂದುವನ್ನಿಟ್ಟು, ಅದರಿಂದ ಹೊರಟು ಅದಕ್ಕೇ ಮರಳುವ ಒಂದು ಬಾಣವನ್ನು ಎಳೆಯಿರಿ. ಚಿತ್ರವು ಮೊದಲಿನದಕ್ಕಿಂತ ಚಿಕ್ಕದಾಯಿತೇ ಹೊರತು ದೊಡ್ಡದಾಗಲಿಲ್ಲ. ಆದರೂ ಪಟ್ಟಿ ಕೈಮೀರಿ ಹೋಗುತ್ತದೆ. ಒಂದೇ ಆಯಾಮವಿದ್ದಾಗ ಬಾಣವೆಂದರೆ ಒಂದು ಸಂಖ್ಯೆಯಿಂದ ಗುಣಿಸುವುದು. ಎರಡು ಬಿಂದುಗಳಿದ್ದಾಗ 7ರಿಂದ ಗುಣಿಸುವ ಬಾಣವನ್ನು, ಆಚೆಯ ಬಿಂದುವಿನಲ್ಲಿ ಮಾನವನ್ನು ಏಳುಪಟ್ಟು ದೊಡ್ಡದು ಮಾಡಿ, 1ರಿಂದ ಗುಣಿಸುವ ಬಾಣವಾಗಿಸಬಹುದಾಗಿತ್ತು. ಇಲ್ಲಿ ಬಾಣದ ಎರಡು ತುದಿಗಳಲ್ಲಿಯೂ ಇರುವುದು ಅದೇ ಮಾನ. ಅದನ್ನು ಬದಲಿಸಿದರೆ ಎರಡೂ ಕಡೆ ಬದಲಾಗಿ 7 ಎಂಬುದು 7 ಆಗಿಯೇ ಉಳಿಯುತ್ತದೆ. ಆದುದರಿಂದ ಒಂದೊಂದು ಸಂಖ್ಯೆಗೂ ಒಂದೊಂದು ಅವಿಭಾಜ್ಯ. ಈ ಬತ್ತಳಿಕೆಯ ಪೂರ್ಣ ವಿವರಣೆಯೇ ಫ್ರಾನ್ಸಿನ ಕಮೀಲ್ ಜೋರ್ಡಾನರು 1870ರ ತಮ್ಮ ಗ್ರಂಥದಲ್ಲಿ ನೀಡಿದ ಪ್ರಸಿದ್ಧವಾದ ಮಾತೃಕಾರೂಪ. ಒಂದೇ ದಿಕ್ಕಿನಲ್ಲಿ ಜೊತೆಯಾಗಿ ಹೋಗುವ ಎರಡು ಬಾಣಗಳಿದ್ದರೆ ಅವುಗಳ ನಿಷ್ಪತ್ತಿಯನ್ನು, 7ಕ್ಕೆ 3 ಎಂಬಂತಹದನ್ನು, ಯಾವ ಮಾನಭೇದವೂ ಅಳಿಸಲಾರದು. ಈ ಸಮಸ್ಯೆಯನ್ನು 1890ರಲ್ಲಿ ಕ್ರೋನೆಕರರು ಪೂರ್ಣಗೊಳಿಸಿದರು. ಬಿಂದುಗಳು ವರ್ತುಲವಾಗಿ ಸುತ್ತುವರಿದು ನಿಂತ ಚಿತ್ರಗಳಲ್ಲೆಲ್ಲ ಇದೇ ಗತಿ. ಮುಗಿಯುವ ಪಟ್ಟಿ ಬೇಕಾದರೆ ಚಿತ್ರದಲ್ಲಿ ಸುತ್ತು ಇರಬಾರದು.

ಹಾಗಾದರೆ ಸುತ್ತಿಲ್ಲದ, ಮರದಂತಹ ಚಿತ್ರಗಳೆಲ್ಲ ಸಾಧುವೆ? ಇಲ್ಲಿಯೇ ವಿಷಯವು ರುಚಿಕಟ್ಟುವುದು.

ನಡುವೆ ಒಂದು ಬಿಂದು, ಅದರ ಕಡೆಗೆ ಮುಖಮಾಡಿದ ಮೂರು ಬಾಣಗಳು ಇರಲಿ. ನಡುವೆ ಸಮತಲವನ್ನಿಟ್ಟು ತುದಿಗಳಲ್ಲಿ ಒಂದೊಂದು ಆಯಾಮವನ್ನಿಡಿ. ಆಗ ನಮ್ಮ ಮುಂದಿರುವುದು, ಒಂದು ಸಮತಲದಲ್ಲಿ ಮೂಲಬಿಂದುವಿನ ಮೂಲಕ ಹಾಯುವ ಮೂರು ರೇಖೆಗಳು. ಮೂರೂ ಬೇರೆಬೇರೆಯಾಗಿದ್ದರೆ ಮೊದಲನೆಯದನ್ನು ಅಡ್ಡ ಅಕ್ಷವಾಗಿಯೂ ಎರಡನೆಯದನ್ನು ಲಂಬ ಅಕ್ಷವಾಗಿಯೂ ಆರಿಸಿಕೊಳ್ಳಬಹುದು. ಇನ್ನು ಅಕ್ಷಗಳ ಮೇಲಿನ ಮಾನಗಳು ನಮ್ಮ ಕೈಯಲ್ಲಿವೆ. ಅವುಗಳನ್ನು ಹಿಗ್ಗಿಸಿ ಕುಗ್ಗಿಸಿ ಮೂರನೆಯ ರೇಖೆಯನ್ನು ಸರಿಯಾಗಿ ಕರ್ಣದ ಮೇಲೆ ಕೂರಿಸಬಹುದು. ಹೀಗೆ ಮೂರು ರೇಖೆಗಳ ಚಿತ್ರಗಳೆಲ್ಲ ಒಂದೇ. ಈಗ ನಾಲ್ಕನೆಯ ರೇಖೆಯೊಂದು ಬರಲಿ. ನಮ್ಮ ಸ್ವಾತಂತ್ರ್ಯವೆಲ್ಲವೂ ಮೊದಲ ಮೂರರಲ್ಲಿಯೇ ವೆಚ್ಚವಾಗಿ ಹೋಗಿದೆ. ನಾಲ್ಕನೆಯದರ ಇಳುಕಲು ಎಷ್ಟೋ ಅಷ್ಟೇ. ಅದನ್ನು ಬದಲಿಸುವ ಉಪಾಯವಿಲ್ಲ. ಪ್ರಕ್ಷೇಪ ರೇಖಾಗಣಿತವನ್ನು ಓದಿದವರು ನಾಲ್ಕು ರೇಖೆಗಳಿಗೆ ಸಂಬಂಧಿಸಿದ ಈ ಸಂಖ್ಯೆಯನ್ನು ವ್ಯತ್ಯಸ್ತ ನಿಷ್ಪತ್ತಿ ಎಂದು ಬಲ್ಲರು. ಮೂರು ಬಾಣಗಳವರೆಗೆ ಮುಗಿಯುತ್ತಿದ್ದ ಪಟ್ಟಿ ನಾಲ್ಕನೆಯದು ಬಂದೊಡನೆ ಅನಂತವಾಯಿತು.

ಸ್ವಾತಂತ್ರ್ಯವು ವೆಚ್ಚವಾಯಿತು ಎಂಬ ಮಾತನ್ನು ಲೆಕ್ಕಕ್ಕೆ ತರಬಹುದು. ಎರಡು ಆಯಾಮದ ಬಿಂದುವಿನಲ್ಲಿ ಅಕ್ಷಗಳನ್ನು ಬದಲಿಸುವ ಮಾತೃಕೆಯಲ್ಲಿ 2 × 2, ಅಂದರೆ 4 ಅಂಕಿಗಳಿವೆ. ಒಂದು ಆಯಾಮದ್ದರಲ್ಲಿ 1. ಇದು ನಮ್ಮ ಆದಾಯ. ಎರಡು ಮತ್ತು ಒಂದು ಆಯಾಮದ ಬಿಂದುಗಳ ನಡುವಿನ ಬಾಣದ ಮಾತೃಕೆಯಲ್ಲಿ 2 × 1, ಅಂದರೆ 2 ಅಂಕಿಗಳು. ಇದು ವೆಚ್ಚ. ಆದಾಯದಿಂದ ವೆಚ್ಚವನ್ನು ಕಳೆದರೆ,

ಮೂರು ರೇಖೆಗಳಿಗೆ: 4 + 3 − 6 = 1
ನಾಲ್ಕು ರೇಖೆಗಳಿಗೆ: 4 + 4 − 8 = 0
ಐದು ರೇಖೆಗಳಿಗೆ: 4 + 5 − 10 = −1

ಎಲ್ಲ ಬಿಂದುಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಮಾನವನ್ನು ಬದಲಿಸಿದರೆ ಯಾವ ಬಾಣವೂ ಬದಲಾಗುವುದಿಲ್ಲವಾದ್ದರಿಂದ ಆದಾಯದಲ್ಲಿ ಒಂದು ಯಾವಾಗಲೂ ನಿಷ್ಪ್ರಯೋಜಕ. ಆದುದರಿಂದ ಪಟ್ಟಿ ಮುಗಿಯಬೇಕಾದರೆ, ಬಿಂದುಗಳಲ್ಲಿ ಯಾವ ಆಯಾಮಗಳನ್ನಿಟ್ಟರೂ ಈ ಶಿಲ್ಕು ಕಡೆಯ ಪಕ್ಷ 1 ಇರಲೇಬೇಕು. ತನ್ನ ಬಿಂದುವಿಗೇ ಮರಳುವ ಬಾಣಕ್ಕೆ 1 − 1, ಜೋಡಿ ಬಾಣಗಳಿಗೆ 2 − 2, ವರ್ತುಲಕ್ಕೆ ಬಿಂದುಗಳಷ್ಟೇ ಬಾಣಗಳು: ನಾವು ಕಂಡ ಅನಂತ ಪಟ್ಟಿಗಳೆಲ್ಲವೂ ಶಿಲ್ಕು ಸೊನ್ನೆಯಾದ ಸ್ಥಳಗಳೇ ಎಂಬುದನ್ನು ಓದುಗರು ಪರೀಕ್ಷಿಸಿ ನೋಡಬಹುದು.

ಗಮನಿಸಬೇಕಾದ ಸಂಗತಿಯೆಂದರೆ ಈ ಲೆಕ್ಕದಲ್ಲಿ ಬಾಣದ ದಿಕ್ಕಿನ ಪ್ರಸ್ತಾಪವೇ ಇಲ್ಲ. ಆಯಾಮಗಳ ವರ್ಗಗಳ ಮೊತ್ತದಿಂದ, ಕೂಡಿಕೊಂಡ ಬಿಂದುಗಳ ಆಯಾಮಗಳ ಗುಣಲಬ್ಧಗಳನ್ನು ಕಳೆಯುವುದಷ್ಟೇ. ಅದು ಎಂದಿಗೂ ಧನಸಂಖ್ಯೆಯಾಗಿಯೇ ಇರುವ, ಒಂದೇ ತುಂಡಾದ ಚಿತ್ರಗಳಾವುವು ಎಂದು ಹುಡುಕುತ್ತ ಹೋದರೆ ದೊರೆಯುವುವು ಕೆಲವೇ. ಒಂದರ ಪಕ್ಕ ಒಂದು ನಿಂತ ಸರಪಳಿಗಳು ಒಂದು ಕುಲ. ಇದಕ್ಕೆ ಎ ಎಂದು ಹೆಸರು. ಒಂದು ತುದಿಯಲ್ಲಿ ಮಾತ್ರ ಎರಡಾಗಿ ಕವಲೊಡೆದ ಸರಪಳಿಗಳು ಇನ್ನೊಂದು ಕುಲ, ಡಿ. ಇವಲ್ಲದೆ ಕುಲಕ್ಕೆ ಸೇರದ ಮೂರು ಒಂಟಿ ಚಿತ್ರಗಳು: ನಡುಬಿಂದುವಿನಿಂದ ಹೊರಟ ಮೂರು ತೋಳುಗಳಲ್ಲಿ ಕ್ರಮವಾಗಿ 1, 2, 2 ಬಿಂದುಗಳಿರುವುದು, 1, 2, 3 ಇರುವುದು, 1, 2, 4 ಇರುವುದು. ಇವುಗಳ ಹೆಸರು ಇ 6, ಇ 7, ಇ 8. ಕೊನೆಯದರ ಉದ್ದದ ತೋಳಿಗೆ ಇನ್ನೊಂದೇ ಬಿಂದುವನ್ನು ಸೇರಿಸಿ, ನಡುವೆ 6, ಉದ್ದದ ತೋಳಿನಲ್ಲಿ 5, 4, 3, 2, 1, ಮತ್ತೊಂದರಲ್ಲಿ 4, 2, ಚಿಕ್ಕದರಲ್ಲಿ 3 ಎಂದು ಆಯಾಮಗಳನ್ನಿಟ್ಟು ಲೆಕ್ಕ ಹಾಕಿದರೆ ಆದಾಯ 120, ವೆಚ್ಚ 120. ಗೋಡೆ ಅಲ್ಲಿದೆ.

ಗಾಬ್ರಿಯೆಲ್ಲರ ಪ್ರಮೇಯವು ಹೀಗೆನ್ನುತ್ತದೆ: ಒಂದೇ ತುಂಡಾದ ಬತ್ತಳಿಕೆಯ ಅವಿಭಾಜ್ಯಗಳ ಪಟ್ಟಿ ಮುಗಿಯಬೇಕಾದರೆ ಅದರ ಚಿತ್ರ ಈ ಎ, ಡಿ, ಇ ಎಂಬವುಗಳಲ್ಲಿ ಒಂದಾಗಿರಬೇಕು, ಒಂದಾಗಿದ್ದರೆ ಪಟ್ಟಿ ಖಂಡಿತವಾಗಿಯೂ ಮುಗಿಯುತ್ತದೆ. ಇದರ ಮೊದಲರ್ಧವನ್ನು ನಾವು ಮೇಲಿನ ಆದಾಯ-ವೆಚ್ಚದ ವಾದದಿಂದ ಬಹುಮಟ್ಟಿಗೆ ಕಂಡೆವು. ಆಶ್ಚರ್ಯವಿರುವುದು ಎರಡನೆಯ ಅರ್ಧದಲ್ಲಿ. ಶಿಲ್ಕು ಸರಿಯಾಗಿ 1 ಬರುವಂತಹ ಆಯಾಮಗಳ ಒಂದೊಂದು ಹೊಂದಿಕೆಗೂ ಒಂದು, ಒಂದೇ ಒಂದು ಅವಿಭಾಜ್ಯವಿದೆ, ಬೇರೆ ಅವಿಭಾಜ್ಯಗಳಿಲ್ಲ. ಅಂದರೆ ಮಾತೃಕೆಗಳ ಸಮಸ್ಯೆಯೊಂದು ಪೂರ್ಣಾಂಕಗಳ ಸಮೀಕರಣವಾಗಿ ಬದಲಾಯಿತು. ಮೂರು ತೋಳುಗಳ ಚಿತ್ರವನ್ನು ತೆಗೆದುಕೊಳ್ಳಿ. ನಡುವೆ 0 ಇದ್ದರೆ ಒಂದೊಂದು ತುದಿಗೆ ಒಂದರಂತೆ 3 ಉತ್ತರಗಳು. ನಡುವೆ 1 ಇದ್ದರೆ ತುದಿಗಳಲ್ಲಿ 0 ಅಥವಾ 1 ಬೇಕಾದಂತೆ ಇಡಬಹುದು; 8 ಉತ್ತರಗಳು. ನಡುವೆ 2 ಇದ್ದರೆ ತುದಿಗಳಲ್ಲೆಲ್ಲ 1. ಅದು ನಾವು ಕಂಡ ಮೂರು ರೇಖೆಗಳ ಚಿತ್ರ. ಒಟ್ಟು 12. ಸರಪಳಿಗಳಲ್ಲಿ ಲೆಕ್ಕ ಇನ್ನೂ ಸುಲಭ: ಅವಿಭಾಜ್ಯವೆಂದರೆ ಒಂದು ಬಿಂದುವಿನಲ್ಲಿ ಹುಟ್ಟಿ, ಕೆಲವು ಬಿಂದುಗಳವರೆಗೆ ಸಾಗಿ, ಇನ್ನೊಂದರಲ್ಲಿ ಮುಗಿಯುವ ಒಂದು ತುಂಡು. ನಾಲ್ಕು ಬಿಂದುಗಳ ಸರಪಳಿಗೆ 10. ಇ 6, ಇ 7, ಇ 8ಗಳಿಗೆ ಕ್ರಮವಾಗಿ 36, 63, 120.

ಈ ಅಂಕಿಗಳನ್ನು ಗಣಿತಜ್ಞರು ಆಗಲೇ ಬಲ್ಲವರಾಗಿದ್ದರು. ಇವು 1888ರಿಂದ 1890ರವರೆಗೆ ವಿಲ್ಹೆಲ್ಮ್ ಕಿಲ್ಲಿಂಗರು ಪ್ರಕಟಿಸಿದ, ನಿರಂತರ ಪರಿವರ್ತನೆಗಳ ಸಂಕುಲಗಳನ್ನು ಕುರಿತ ಲೇಖನಮಾಲೆಯಲ್ಲಿ ಬೇರೊಂದು ಸಂದರ್ಭದಲ್ಲಿ ಬಂದಿದ್ದುವು. ಕಿಲ್ಲಿಂಗರು ಆಗ ದೊಡ್ಡ ವಿಶ್ವವಿದ್ಯಾನಿಲಯದಲ್ಲಿರಲಿಲ್ಲ. ಪೂರ್ವ ಪ್ರಷ್ಯದ ಬ್ರೌನ್ಸ್‌ಬೆರ್ಗ್ ಎಂಬ ಪಟ್ಟಣದಲ್ಲಿ, ಪಾದ್ರಿಗಳಾಗುವವರಿಗೆ ವಿದ್ಯೆ ನೀಡುವ ಒಂದು ಧಾರ್ಮಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಧಾರ್ಮಿಕ ಸಂಸ್ಥೆಯೊಂದರ ನೆರಳಿನಲ್ಲಿ ಪಾಠ ಹೇಳುವ ನಮ್ಮಂತಹವರಿಗೆ ಈ ವಿವರ ಹಿತವೆನಿಸಿದರೆ ತಪ್ಪಲ್ಲ. ಅವರ ಸಾಧನೆಗಳಲ್ಲಿ ಉಳಿದಿದ್ದ ನ್ಯೂನತೆಗಳನ್ನು 1894ರಲ್ಲಿ ಎಲೀ ಕಾರ್ಟಾನರು ತುಂಬಿದರು. ಚಿತ್ರಗಳ ಮೂಲಕ ಆ ವರ್ಗೀಕರಣವನ್ನು ಸುಲಭಗೊಳಿಸಿದವರು ರಷ್ಯದ ಡಿಂಕಿನ್ನರು. ಇಂದು ಈ ಚಿತ್ರಗಳಿಗೆ ಅವರದೇ ಹೆಸರು. ಪ್ಲೇಟೋನ ಘನಾಕೃತಿಗಳ ಸಮ್ಮಿತಿಗಳಲ್ಲಿಯೂ ಇದೇ ಇ 6, ಇ 7, ಇ 8ಗಳು ಅಡಗಿವೆ ಎಂಬುದನ್ನು 1980ರ ಸುಮಾರಿಗೆ ಜಾನ್ ಮೆಕ್‌ಕೇ ಅವರು ತೋರಿಸಿದರು. ಇಷ್ಟು ದೂರದೂರದ ಸ್ಥಳಗಳಲ್ಲಿ ಒಂದೇ ಪಟ್ಟಿ ಕಾಣಿಸಿಕೊಳ್ಳುವುದಕ್ಕೆ ಶಿಲ್ಕಿನ ಆ ಒಂದು ವರ್ಗರೂಪವೇ ಕಾರಣವೆಂದು ಹೇಳಿದರೆ ತರ್ಕಕ್ಕೆ ಸಾಕಾಗಬಹುದು, ಕುತೂಹಲಕ್ಕೆ ಸಾಕಾಗುವುದಿಲ್ಲವೆಂದು ನನ್ನ ಅಭಿಪ್ರಾಯ.

ಗಾಬ್ರಿಯೆಲ್ಲರ ಪ್ರಮೇಯಕ್ಕೆ ಮರುವರ್ಷವೇ, 1973ರಲ್ಲಿ, ಮಾಸ್ಕೋದ ಬರ್ನ್‌ಸ್ಟೈನ್, ಗೆಲ್ಫಾಂದ್, ಪೊನೊಮರೆವ್ ಎಂಬ ಮೂವರು ಹೊಸದೊಂದು ಸಾಧನೆಯನ್ನು ಕೊಟ್ಟರು. ಗಾಬ್ರಿಯೆಲ್ಲರ ಹಿರಿಮೆಗೆ ಕುಂದಿಲ್ಲದೆ ಹೇಳುವುದಾದರೆ ವಿದ್ಯಾರ್ಥಿಯು ಕಲಿಯಬೇಕಾದ ಸಾಧನೆ ಇದೇ. ಬಾಣಗಳೆಲ್ಲ ಬಂದು ಸೇರುವ ಬಿಂದುವೊಂದನ್ನು ಹಿಡಿದುಕೊಳ್ಳಿ. ಅಲ್ಲಿಯ ಸದಿಶಾವಕಾಶವನ್ನು ತೆಗೆದು, ಅದರ ಸ್ಥಾನದಲ್ಲಿ ನೆರೆಯ ಬಿಂದುಗಳಿಂದ ಬಂದ ಸದಿಶಗಳ ನಡುವಿನ ಸಂಬಂಧಗಳನ್ನು ಇಡಿ, ಬಾಣಗಳನ್ನು ತಿರುಗಿಸಿ. ಸಮತಲದ ಮೂರು ರೇಖೆಗಳ ಮೇಲೆ (1, 0), (0, 1), (1, 1) ಎಂಬ ಸದಿಶಗಳಿವೆಯಷ್ಟೆ. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ ಸೊನ್ನೆ ಎಂಬುದೊಂದೇ ಅವುಗಳ ಸಂಬಂಧ. ಆದುದರಿಂದ ನಡುವೆ ಇದ್ದ 2 ಈಗ 1 ಆಯಿತು: ನೆರೆಯವುಗಳ ಮೊತ್ತ 3, ಅದರಿಂದ ಹಳೆಯ 2 ಕಳೆದರೆ 1. ಕನ್ನಡಿಯಲ್ಲಿ ಬಿಂಬ ತಿರುಗಿದಂತೆ ಇದು ಒಂದು ಪ್ರತಿಫಲನ. ಶಿಲ್ಕು ಇದರಿಂದ ಬದಲಾಗುವುದಿಲ್ಲ, ಅವಿಭಾಜ್ಯವು ಅವಿಭಾಜ್ಯವಾಗಿಯೇ ಉಳಿಯುತ್ತದೆ. ಆ ಬಿಂದುವಿನಲ್ಲಷ್ಟೇ ನೆಲೆಸಿದ ಅತಿ ಸರಳವಾದ ಪ್ರತಿನಿಧಾನ ಮಾತ್ರ ಇದಕ್ಕೆ ಅಪವಾದ, ಅದು ಅಳಿಸಿಹೋಗುತ್ತದೆ. ಹೀಗೆ ಬಿಂದುವಿನಿಂದ ಬಿಂದುವಿಗೆ ಪ್ರತಿಫಲಿಸುತ್ತ ಹೋದರೆ ಎ, ಡಿ, ಇ ಚಿತ್ರಗಳಲ್ಲಿ ಪ್ರತಿಯೊಂದು ಅವಿಭಾಜ್ಯವೂ ಕೆಲವು ಹೆಜ್ಜೆಗಳಲ್ಲಿ ಅಂತಹ ಅತಿ ಸರಳವಾದುದಕ್ಕೆ ಇಳಿಯುತ್ತದೆ. ಅಲ್ಲಿಂದ ಹಿಂತಿರುಗಿ ನಡೆದರೆ ಎಲ್ಲವನ್ನೂ ಕಟ್ಟಬಹುದು. ದಿಕ್ಕು ಏಕೆ ಲೆಕ್ಕಕ್ಕೆ ಬರಲಿಲ್ಲವೆಂಬುದಕ್ಕೂ ಇದೇ ಉತ್ತರ.

ಬತ್ತಳಿಕೆ ಕೇವಲ ಆಟದ ಚಿತ್ರವಲ್ಲವೆಂಬುದಕ್ಕೆ ಒಂದು ಮಾತು ಅವಶ್ಯ. ಬಾಣದ ತುದಿಗೆ ಬಾಣವನ್ನು ಹೊಂದಿಸಿ ಹಾದಿಗಳನ್ನು ಮಾಡಿ, ಹಾದಿಗಳನ್ನು ಜೋಡಿಸುವುದೇ ಗುಣಾಕಾರ, ಜೋಡಿಸಲಾಗದಿದ್ದರೆ ಗುಣಲಬ್ಧ ಸೊನ್ನೆ ಎಂದು ವಿಧಿಸಿದರೆ ಒಂದು ಬೀಜಗಣಿತ ಸಂರಚನೆ ಹುಟ್ಟುತ್ತದೆ. ಸಮ್ಮಿಶ್ರ ಸಂಖ್ಯೆಗಳ ಮೇಲೆ ಕಟ್ಟಿದ ಪರಿಮಿತ ಆಯಾಮದ ಯಾವುದೇ ಸಹವರ್ತನೀಯ ಬೀಜಗಣಿತದ ಪ್ರತಿನಿಧಾನಗಳನ್ನೂ ಇಂತಹ ಹಾದಿಗಳ ಬೀಜಗಣಿತದಿಂದ, ಕೆಲವು ನಿರ್ಬಂಧಗಳನ್ನು ಹೇರಿ, ಪಡೆಯಬಹುದು. ಆದುದರಿಂದ ಬತ್ತಳಿಕೆಗಳನ್ನು ಅರಿಯುವುದೆಂದರೆ ಅಂತಹ ಬೀಜಗಣಿತಗಳೆಲ್ಲದರ ಹೆಬ್ಬಾಗಿಲಿಗೆ ಬಂದು ನಿಲ್ಲುವುದೇ ಸರಿ.

ಗೋಡೆಯ ಆಚೆಗೆ ಏನಿದೆ? ಶಿಲ್ಕು ಸೊನ್ನೆಗೆ ಇಳಿದರೂ ಅದಕ್ಕಿಂತ ಕೆಳಗೆ ಹೋಗದ ಚಿತ್ರಗಳಲ್ಲಿ ಅವಿಭಾಜ್ಯಗಳು ಅನಂತವಾದರೂ, ಪ್ರತಿ ಆಯಾಮದಲ್ಲಿ ಒಂದೊಂದು ಸಂಖ್ಯೆಯಿಂದ ಗುರುತಿಸಬಹುದಾದ ಕೆಲವು ಸಾಲುಗಳಾಗಿ ಅವು ಶಿಸ್ತಿನಿಂದ ನಿಲ್ಲುತ್ತವೆ. ಇವುಗಳಿಗೆ ಪಳಗಿದವು ಎಂದು ಹೆಸರು. ನಾಲ್ಕು ರೇಖೆಗಳ ಸಮಸ್ಯೆ ಇಂತಹದು. ಗೆಲ್ಫಾಂದ್ ಮತ್ತು ಪೊನೊಮರೆವರು 1970ರಲ್ಲಿ ಅದನ್ನು ಪೂರ್ಣವಾಗಿ ಬಿಡಿಸಿದರು. ಶಿಲ್ಕು ಋಣಸಂಖ್ಯೆಯಾದ ಐದು ರೇಖೆಗಳ ಚಿತ್ರವಾದರೋ ಕಾಡು. ಅದನ್ನು ವರ್ಗೀಕರಿಸುವುದೆಂದರೆ ಎರಡು ಮಾತೃಕೆಗಳನ್ನು ಏಕಕಾಲಕ್ಕೆ ಸರಳಗೊಳಿಸುವ ಸಮಸ್ಯೆಯನ್ನು ಬಿಡಿಸಿದಂತೆ. ಆ ಒಂದು ಸಮಸ್ಯೆಯೊಳಗೆ ಉಳಿದ ಪರಿಮಿತ ಆಯಾಮದ ಬೀಜಗಣಿತಗಳ ಪ್ರತಿನಿಧಾನಗಳೆಲ್ಲವೂ ಹುದುಗಿವೆ. ಪರಿಮಿತ ಆಯಾಮದ ಬೀಜಗಣಿತವು ಪಳಗಿದ್ದಾಗಿರುತ್ತದೆ ಅಥವಾ ಕಾಡಾಗಿರುತ್ತದೆ, ನಡುವಣ ಸ್ಥಿತಿಯಿಲ್ಲ ಎಂದು 1970ರ ದಶಕದ ಕೊನೆಯಲ್ಲಿ ಕೀವ್ ನಗರದ ಯೂರಿ ದ್ರೋಜ್ದರು ಸಿದ್ಧಪಡಿಸಿದರು. ಕಾಡಿನಲ್ಲಿಯೂ ಒಂದು ಕ್ರಮ ಉಂಟು: ಯಾವ ಆಯಾಮಗಳಲ್ಲಿ ಅವಿಭಾಜ್ಯಗಳಿವೆ ಎಂಬುದಕ್ಕೆ ವಿಕ್ಟರ್ ಕಾಟ್ಸರು 1980ರಲ್ಲಿ ಪೂರ್ಣ ಉತ್ತರವನ್ನು ಕೊಟ್ಟರು, ಅಲ್ಲಿಯೂ ಬಾಣದ ದಿಕ್ಕು ಲೆಕ್ಕಕ್ಕಿಲ್ಲ.

ಇದೆಲ್ಲ ಶುದ್ಧ ಗಣಿತವಾಯಿತು, ಪ್ರಯೋಜನವೇನು ಎಂದು ಕೇಳುವವರಿಗೆ ಒಂದು ನಿದರ್ಶನ. ಗಣಕಯಂತ್ರಗಳಲ್ಲಿ ಸಂಗ್ರಹವಾದ ಅಪಾರ ಮಾಹಿತಿಗಳನ್ನು ಬಿಂದುಗಳ ರಾಶಿಯೆಂದು ಭಾವಿಸಿ, ಅಳತೆಯ ಮಾಪಕವನ್ನು ಮೆಲ್ಲಮೆಲ್ಲಗೆ ಹಿಗ್ಗಿಸುತ್ತ ಹೋದರೆ ಆ ರಾಶಿಯಲ್ಲಿ ರಂಧ್ರಗಳು ಕಾಣಿಸಿಕೊಂಡು ಮುಂದೆಲ್ಲೋ ಮುಚ್ಚಿಹೋಗುತ್ತವೆ. ಪ್ರತಿ ಹಂತಕ್ಕೂ ಒಂದು ಸದಿಶಾವಕಾಶ, ಹಂತದಿಂದ ಹಂತಕ್ಕೆ ಒಂದು ಬಾಣ: ಇದು ಎ ಕುಲದ ಸರಪಳಿಯೇ. ಅದರ ಅವಿಭಾಜ್ಯಗಳು ಹುಟ್ಟಿ, ಸಾಗಿ, ಮುಗಿಯುವ ತುಂಡುಗಳಾದ್ದರಿಂದ ಪ್ರತಿಯೊಂದು ರಂಧ್ರದ ಆಯುಷ್ಯವನ್ನೂ ಒಂದು ಗೆರೆಯಿಂದ ತೋರಿಸಬಹುದು. ಸಣ್ಣ ಗೆರೆ ಆಕಸ್ಮಿಕ, ಉದ್ದ ಗೆರೆ ಗಣನೀಯ. ಬಾಣಗಳು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಮುಖಮಾಡಿದ ಸರಪಳಿಗಳಿಗೂ ಇದನ್ನು 2010ರಲ್ಲಿ ಕಾರ್ಲ್‌ಸನ್ ಮತ್ತು ದ ಸಿಲ್ವಾ ಅವರು ಅನ್ವಯಿಸಿದರು. ದಿಕ್ಕಿನ ಹಂಗಿಲ್ಲದ ಗಾಬ್ರಿಯೆಲ್ಲರ ಪ್ರಮೇಯ ಅಲ್ಲಿ ನೇರವಾಗಿ ಕೆಲಸ ಮಾಡಿತು. ಆದರೆ ಎರಡು ಮಾಪಕಗಳನ್ನು ಒಟ್ಟಿಗೆ ಬದಲಿಸಿದರೆ ಸರಪಳಿಯ ಬದಲು ಬಲೆಯಂತಹ ಚಿತ್ರ ಬರುತ್ತದೆ. ಹಂತಗಳು ಕೆಲವೇ ಆದಾಗ ಹೊರತು ಅದು ಕಾಡು, ಗೆರೆಗಳ ಪಟ್ಟಿ ಸಾಧ್ಯವಿಲ್ಲ. ಅಲ್ಲಿ ಪೂರ್ಣ ವರ್ಗೀಕರಣದ ಆಸೆಯನ್ನು ಬಿಟ್ಟು, ಉಪಯುಕ್ತವಾದ ಕೆಲವು ಅಂಕಿಗಳನ್ನಷ್ಟೇ ಹೆಕ್ಕಿ ತೆಗೆಯುವುದರಲ್ಲಿ ಸಂಶೋಧಕರು ತೊಡಗಿದ್ದಾರೆ.

ಅಭ್ಯಾಸಕ್ಕೆಂದು ಒಂದು ಲೆಕ್ಕ. ಮೂರು ಬಿಂದುಗಳ ಸರಪಳಿಯ ಒಂದು ತುದಿಗೆ ಎರಡು ಕವಲುಗಳನ್ನು ಸೇರಿಸಿದರೆ ಐದು ಬಿಂದುಗಳ ಡಿ ಚಿತ್ರವಾಗುತ್ತದೆ. ಶಿಲ್ಕು 1 ಆಗುವ ಆಯಾಮಗಳನ್ನೆಲ್ಲ ಬರೆಯಿರಿ. ಸೊನ್ನೆ ಮತ್ತು ಒಂದುಗಳಷ್ಟೇ ಇರುವ ಉತ್ತರಗಳು 17. ಎಲ್ಲಿಯಾದರೂ 2 ಬರುವ ಉತ್ತರಗಳು 3. ಆ ಮೂರನ್ನು ಕಂಡುಹಿಡಿದು, ಅವುಗಳಲ್ಲಿ ಯಾವುದಾದರೊಂದನ್ನು ಕವಲಿನ ಬಿಂದುವಿನಲ್ಲಿ ಪ್ರತಿಫಲಿಸಿ ನೋಡಿರಿ.